ಸೂತಕದ ದಿನದ ಓಟು

ಓಟಿನ ದಿನ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗದು. ಬೆಳಿಗ್ಗೆ ಐದಕ್ಕೇ ಎದ್ದು, ಹಾಲು ಉಕ್ಕಿಸಿ ಚೆಲ್ಲಿ, ಯಾರ ಮೇಲೋ ರೇಗಿ, ಬಾಗಿಲಿಗೂ ಹಿತ್ತಿಲಿಗೂ ಹತ್ತು ಸಲ ತಿರುಗುತ್ತೇನೆ. 'ಅಜ್ಜಿ, ನೀನೇನು ಎಲೆಕ್ಷನ್ನಿಗೆ ನಿಂತಿದ್ದೀಯಾ?' ಎಂದು ಮೊಮ್ಮಕ್ಕಳು ಗೇಲಿ ಮಾಡುತ್ತವೆ. ನಾನು ಯಾವ ಕಾಲಕ್ಕೂ ನಿಂತವಳಲ್ಲ. ನಿಂತಿದ್ದವರು ನಮ್ಮ ಅತ್ತೆ, ನನ್ನ ಗಂಡನ ತಾಯಿ. ಅರವತ್ತರ ದಶಕದ ಮೊದಲ ವರ್ಷಗಳ ಮಾತು ಅದು. ಆಗ ನಮ್ಮೂರು ಯಲಹಂಕಕ್ಕೆ ಅಂಟಿಕೊಂಡ ಹಳ್ಳಿ. ಈಗ ಅಪಾರ್ಟ್‌ಮೆಂಟು ನಿಂತಿರುವ ಕಡೆಯೆಲ್ಲ ರಾಗಿ ಹೊಲ, ದ್ರಾಕ್ಷಿ ಚಪ್ಪರ. ಆ ಓಟಿನ ವಿಷಯವನ್ನು ನಾನು ಪೂರ್ತಿಯಾಗಿ ಯಾರಿಗೂ ಹೇಳಿಲ್ಲ. ಹೇಳದೇ ಇದ್ದದ್ದೇ ಈ ಚಡಪಡಿಕೆಗೆ ಕಾರಣ ಅಂತ ನನಗೆ ಗೊತ್ತು. ಇವತ್ತು ಬರೆದುಬಿಡುತ್ತೇನೆ.

ನಮ್ಮ ವಾರ್ಡಿನಲ್ಲಿ ಇದ್ದದ್ದು ಎರಡೇ ಬೀದಿ. ಮೇಲಿನ ಬೀದಿಯಲ್ಲಿ ಪಟೇಲರ ಮನೆ, ಅಂಗಡಿ, ಸ್ಕೂಲು. ಕೆಳಗಿನ ಬೀದಿ ಇಳಿಜಾರಿನಲ್ಲಿ ಕೆರೆಯ ಕಡೆಗೆ ಹೋಗುತ್ತಿತ್ತು. ಅಲ್ಲಿ ಮೂವತ್ತು ಮನೆ, ಮೂವತ್ತೂ ಅಣ್ಣತಮ್ಮಂದಿರ ಮನೆ. ಒಂದೇ ಬುಡದಿಂದ ಒಡೆದು ಬೇರೆಯಾದ ಸಂಸಾರಗಳು. ಒಂದು ಮನೆಯಲ್ಲಿ ಮಗು ಹುಟ್ಟಿದರೆ ಮೂವತ್ತು ಮನೆಗೂ ಪುರುಡು, ಒಂದು ಮನೆಯಲ್ಲಿ ಸತ್ತರೆ ಮೂವತ್ತು ಮನೆಗೂ ಸೂತಕ. ಹನ್ನೊಂದು ದಿನ ಯಾರೂ ಗುಡಿಯ ಹೊಸ್ತಿಲು ತುಳಿಯುವಂತಿಲ್ಲ. ಹೊಲಕ್ಕೆ ಹೋಗಬಹುದು, ಸಂತೆಗೆ ಹೋಗಬಹುದು, ಗುಡಿಗೆ ಮಾತ್ರ ಇಲ್ಲ.

ನಮ್ಮ ವಾರ್ಡಿನ ಮೊದಲ ಪಂಚಾಯ್ತಿ ಎಲೆಕ್ಷನ್ನು ನಾನು ನೋಡಿದ್ದಲ್ಲ. ನಾನಿನ್ನೂ ರಾಜಾನುಕುಂಟೆಯ ತವರುಮನೆಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಕಾಲ. ಅತ್ತೆ ಹೇಳುತ್ತಿದ್ದರು: ಅರಳಿಕಟ್ಟೆಯ ಮೇಲೆ ಪಟೇಲರು ಕೂತರಂತೆ, 'ಯಾರ್ ಬೇಕು?' ಅಂದರಂತೆ, ಕೆಳಗೆ ನಿಂತಿದ್ದವರು ಕೈ ಎತ್ತಿದರಂತೆ. "ಕೈ ಎತ್ತಿದ್ದು ಗಂಡಸ್ರು, ಎಣಿಸಿದ್ದು ಪಟೇಲ್ರ ಭಾಮೈದ. ನಾವು ಎಮ್ಮೆ ಇಂಡ್ತಿದ್ವಿ. ಆಲು ಕರ್ದು ಏಳೋ ಒತ್ಗೆ ಎಲೆಕ್ಷನ್ನು ಮುಗ್ದೇ ಓಗಿತ್ತು" ಎಂದು ನಗುತ್ತಿದ್ದರು.

ಎರಡನೆಯದಕ್ಕೆ ನಾನಿದ್ದೆ, ಹೊಸ ಸೊಸೆಯಾಗಿ. ಅದು ಡಬ್ಬದ ಎಲೆಕ್ಷನ್ನು. ಸ್ಕೂಲಿನ ಒಳಕೋಣೆಯಲ್ಲಿ ನಿಂತವರ ಹೆಸರಿಗೆ ಒಂದೊಂದು ತಗಡಿನ ಡಬ್ಬ, ಮೇಲೆ ಗುರುತಿನ ಚಿತ್ರ. ಕೊಟ್ಟ ಚೀಟಿಯನ್ನು ಬೇಕಾದ ಡಬ್ಬಕ್ಕೆ ಹಾಕಿ ಬರಬೇಕು, ಅಷ್ಟೇ. ನಮ್ಮ ಹೆಂಗಸರು ಅಷ್ಟಕ್ಕೇ ಬಿಟ್ಟಾರೆಯೇ? ನಾನು ಒಳಗೆ ಹೋದಾಗ ಒಂದು ಡಬ್ಬಕ್ಕೆ ಮೂರು ಕಡೆ ಕುಂಕುಮ ಇಟ್ಟು ಕನಕಾಂಬರದ ತುಂಡು ಏರಿಸಿದ್ದರು. ನನ್ನ ಮುಂದೆ ಹೋಗಿದ್ದವಳು ಚೀಟಿ ಹಾಕಿ, ಕೈ ಮುಗಿದು, 'ಗಂಡ್ಮಗ ಕೊಡಪ್ಪಾ' ಎಂದು ಕೇಳಿಕೊಂಡಿದ್ದು ಪರದೆಯ ಹೊರಗೆ ನಿಂತಿದ್ದ ನನ್ನ ಕಿವಿಗೇ ಬಿತ್ತು. ನಕ್ಕು ನಕ್ಕು ನನ್ನ ಚೀಟಿ ಯಾವ ಡಬ್ಬಕ್ಕೆ ಹಾಕಿದೆನೋ ನನಗೇ ನೆನಪಿಲ್ಲ. ಗೆದ್ದದ್ದು ಪಟೇಲರೇ.

ಗೆದ್ದ ಮೇಲೆ ಅವರು ನಲ್ಲಿ ತಂದರು. ಸುಳ್ಳು ಹೇಳಬಾರದು, ತಂದರು. ಪೈಪು ಮೇಲಿನ ಬೀದಿಯುದ್ದಕ್ಕೂ ಬಂದು ಪಟೇಲರ ಕೊಟ್ಟಿಗೆಯ ಮುಂದೆ ನಿಂತಿತು. ಅವರ ಎತ್ತುಗಳು ನಲ್ಲಿ ನೀರು ಕುಡಿದವು. ನಾವು ಕೆಳಗಿನ ಬೀದಿಯವರು ಕೆರೆ ಏರಿಯ ಹಿಂದಿನ ಬಾವಿಗೆ ಇಳಿದು, ಬಿಂದಿಗೆ ಹೊತ್ತು ದಿನ್ನೆ ಹತ್ತುತ್ತಲೇ ಇದ್ದೆವು. 'ನಿಮ್ ಬೀದಿಗೂ ಬರುತ್ತೆ, ಸ್ವಲ್ಪ ತಾಳ್ರಮ್ಮ' ಎಂಬ ಮಾತನ್ನು ನಾನು ಮದುವೆಯಾಗಿ ಬಂದ ವರ್ಷದಿಂದ ಕೇಳುತ್ತಿದ್ದೆ. ತಾಳುವ ಗುಣ ನನ್ನ ಹುಟ್ಟಿನಲ್ಲೇ ಇಲ್ಲ. ಒಂದು ದಿನ ಆ ನಲ್ಲಿಯ ಹತ್ತಿರವೇ ಬಿಂದಿಗೆ ಇಟ್ಟು ತಿರುವಿದೆ; ಪಟೇಲರ ಆಳು ಬಂದು ಬಿಂದಿಗೆ ಎತ್ತಿ ಆಚೆ ಇಟ್ಟ. ನಾನು ಬೀದಿಗೆಲ್ಲ ಕೇಳುವಂತೆ ಬೈದು ಬಂದೆ. ಬೈದದ್ದರಿಂದ ನೀರೇನೂ ಬರಲಿಲ್ಲ.

ಮೂರನೇ ಎಲೆಕ್ಷನ್ನಿಗೆ ನಮ್ಮ ವಾರ್ಡಿನಲ್ಲಿ ಹೆಂಗಸರ ಸೀಟು ಒಂದು ಬಂತು. ಪಟೇಲರು ಅರ್ಧ ಗಂಟೆಯೂ ಯೋಚಿಸದೆ ಹೆಂಡತಿಯ ಹೆಸರು ಬರೆಸಿದರು. ಆಯಮ್ಮ ಬಾಗಿಲ ಮರೆಯಿಂದ ಆಚೆ ಬಂದದ್ದನ್ನು ಕಂಡವರಿಲ್ಲ. ಕುರ್ಚಿಯಲ್ಲಿ ಕೂರುವವರು ಯಾರು ಅಂತ ಎಲ್ಲರಿಗೂ ತಿಳಿದಿತ್ತು. ಅವತ್ತು ಸಂಜೆ ನಮ್ಮ ಅತ್ತೆ ರಾಗಿ ಕೇರುತ್ತಾ ಕೇರುತ್ತಾ, ಉಪ್ಪು ತೀರಿದೆ ಅನ್ನುವ ಹಾಗೆ, "ನಾನೂ ನಿಲ್ತೀನಿ ಕಣಮ್ಮಿ" ಅಂದರು.

ನಮ್ಮ ಅತ್ತೆ ಮೂವತ್ತಕ್ಕೆಲ್ಲ ಗಂಡನನ್ನು ಕಳೆದುಕೊಂಡವರು. ಎತ್ತರದ ಹೆಂಗಸು, ಎಲೆ ಅಡಿಕೆ ಹೊಗೆಸೊಪ್ಪು ಬಾಯಿಂದ ಇಳಿಯದು, ದನಿ ಮಾತ್ರ ಮೆತ್ತಗೆ. ನಾನು ಹತ್ತು ಮಾತು ಕೂಗಿ ಹೇಳಿದರೆ ಅವರು ಒಂದು ಮಾತು ಮೆಲ್ಲಗೆ ಹೇಳುವರು, ಕೆಲಸ ಆಗುತ್ತಿದ್ದದ್ದು ಅವರ ಮಾತಿನಿಂದ. ನನ್ನ ಯಜಮಾನರು ಕಾರ್ಖಾನೆಗೆ ಹೋಗಿಬರುವವರು, ಯಾವ ಉಸಾಬರಿಯೂ ಬೇಡ ಅನ್ನುವ ಜಾತಿ. 'ಅವ್ವಂಗೆ ಈ ವಯಸ್ಸಲ್ಲಿ ಇದೆಲ್ಲ ಯಾಕೆ?' ಎಂದರು. 'ನೀವು ಒಂದು ದಿನ ನಾಲ್ಕು ಬಿಂದಿಗೆ ತನ್ನಿ, ಆಮೇಲೆ ಕೇಳಿ' ಎಂದೆ.

ಅತ್ತೆಗೆ ಸಿಕ್ಕ ಗುರುತು ಏಣಿ. 'ಮುದುಕಿ ಏಣಿ ಹತ್ತಿ ಎಲ್ಲಿಗ್ ಹೋಗ್ತಾಳಂತೆ?' ಎಂದು ಮೇಲಿನ ಬೀದಿಯ ಅಂಗಡಿ ಮುಂದೆ ನಗೆಯೋ ನಗೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಗಂಡಸರು ಓಟು ಕೇಳಲು ಬೆಳಿಗ್ಗೆ ಬೆಳಿಗ್ಗೆ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ಗಂಡ ಸತ್ತವಳು ಹೊತ್ತಾರೆ ಯಾರದಾದರೂ ತಲೆಬಾಗಿಲ ಎದುರು ನಿಂತರೆ ಓಟಿರಲಿ, ಮುಖಕ್ಕೆ ನೀರು ಎರಚಿಯಾರು. ಅತ್ತೆ ಅದಕ್ಕೆ ಕೊರಗಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೋದರು. ಎಲ್ಲ ಮನೆಗೂ ಹಿತ್ತಿಲಿಂದಲೇ. ಮುಂದುಗಡೆ ಪಟೇಲರು ಗಂಡಸರ ಜೊತೆ ಬೀಡಿ ಸೇದುತ್ತಿದ್ದರೆ, ಹಿಂದುಗಡೆ ಅತ್ತೆ ಹೆಂಗಸರ ಜೊತೆ ಪಾತ್ರೆ ಉಜ್ಜುತ್ತಾ ಕೂತಿರುತ್ತಿದ್ದರು. ಮೇಲಿನ ಬೀದಿಯ ಎಷ್ಟೋ ಸೊಸೆಯಂದಿರು ಹಿತ್ತಿಲಲ್ಲಿ ನಿಂತು 'ನಿಮ್ಗೇ ಹಾಕ್ತೀವಿ, ಗಂಡಸ್ರಿಗೆ ಹೇಳ್ಬೇಡಿ' ಎಂದು ಪಿಸುಗುಟ್ಟಿದ್ದನ್ನು ನಾನೇ ಕೇಳಿದ್ದೇನೆ.

ಅತ್ತೆಯ ಬಲಗೈ ಎಂದರೆ ನಮ್ಮ ಎದುರುಮನೆ ಅಕ್ಕ. ನನಗಿಂತ ಐದಾರು ವರ್ಷ ದೊಡ್ಡವಳು, ಸೊಂಟದ ಮೇಲೆ ಒಂದು ಹೆಣ್ಣು ಕೂಸು ಸದಾ. ಅತ್ತೆಯನ್ನು 'ದೊಡ್ಡವ್ವ' ಎನ್ನುತ್ತಿದ್ದಳು. 'ದೊಡ್ಡವ್ವ ಗೆದ್ರೆ ನಲ್ಲಿ ನಮ್ಮನೆ ಮುಂದೆನೇ ಆಕಿಸ್ಕೋತೀನಿ' ಎಂದು ನನ್ನನ್ನು ಕೆಣಕುವಳು. ಆಮೇಲೆ ಕೊನೆಮನೆ ಅಜ್ಜಿ. ಬೀದಿಗೆಲ್ಲ ಹಿರಿಯಳು, ಬೆನ್ನು ಬಾಗಿ ನೆಲ ನೋಡುತ್ತಲೇ ನಡೆಯುವ ಮುದುಕಿ. ಕೆಳಗಿನ ಬೀದಿಯ ಮೊದಲ ಓಟು ತನ್ನದೇ ಆಗಬೇಕೆಂದು ಪಟ್ಟು ಹಿಡಿದಿದ್ದಳು. ಈ ಸಲ ಡಬ್ಬ ಒಂದೇ, ಕಾಗದದ ಮೇಲೆ ಮುದ್ರೆ ಒತ್ತಬೇಕು, ಒತ್ತಿ ಮಡಿಸಬೇಕು ಎಂದು ನಾನು ಹೇಳಿಕೊಟ್ಟೆ. ಹಳೇ ಪಂಚಾಂಗದ ಹಾಳೆ ಹರಿದುಕೊಂಡು ದಿನಾ ಜಗಲಿಯ ಮೇಲೆ ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ, ಆ ಮುದುಕಿ ಅಭ್ಯಾಸ ಮಾಡಿದ್ದೇ ಮಾಡಿದ್ದು.

ಇನ್ನು ನಾವು ಮಾಡಿದ ತಪ್ಪು. ಆ ವರ್ಷದ ಗಾಳಿಗೆ ಸ್ಕೂಲಿನ ಹೆಂಚು ಹಾರಿಹೋಗಿತ್ತು. ಓಟು ಎಲ್ಲಿ ಮಾಡಿಸೋದು ಎಂದು ಕೇಳಲು ಆಫೀಸಿನವರು ಬಂದಾಗ ಪಟೇಲರು ತಮ್ಮ ಮನೆಯ ಪಡಸಾಲೆ ಬಿಟ್ಟುಕೊಡುತ್ತೇನೆ ಎಂದರು. ಅವರ ಪಡಸಾಲೆಯಲ್ಲಿ ನಮ್ಮ ಹೆಂಗಸರು ಅವರ ವಿರುದ್ಧ ಮುದ್ರೆ ಒತ್ತುವುದೇ? ಅತ್ತೆ ತಕ್ಷಣ, "ಅಮ್ಮನ ಗುಡಿ ಮಂಟಪ ಐತಲ್ಲ ಸ್ವಾಮಿ. ಶುಕ್ರವಾರ ಶುಕ್ರವಾರ ಎಂಗಸ್ರೆಲ್ಲ ಬರೋ ಜಾಗ, ಯಾರ್ಗೂ ನಾಚ್ಕೆ ಇರಲ್ಲ" ಎಂದರು. ಆಫೀಸಿನವರು ತಲೆಯಾಡಿಸಿದರು. ಪಟೇಲರಿಗೂ ಬೇಡ ಅನ್ನಲು ಬಾಯಿ ಬರಲಿಲ್ಲ. ಎದುರುಮನೆ ಅಕ್ಕ ಅವತ್ತು ಅತ್ತೆಗೆ ದೃಷ್ಟಿ ತೆಗೆದಳು, ಅಷ್ಟು ಖುಷಿ. ನಾನೂ ಕುಣಿದಾಡಿದೆ. ಗುಡಿಯಲ್ಲಿ ಬೂತು ಇಟ್ಟರೆ ಸೂತಕ ಬಂದವರು ಏನು ಮಾಡಬೇಕು ಎಂದು ಮೂವತ್ತು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಓಟಿನ ದಿನ ಬೆಳಗಾಯಿತು. ಕೊನೆಮನೆ ಅಜ್ಜಿ ತಲೆಗೆ ನೀರು ಹಾಕಿಕೊಂಡು, ಮಗ ಕೊಡಿಸಿದ್ದ ಹೊಸ ಸೀರೆ ಉಟ್ಟು, ಏಳು ಗಂಟೆಗೇ ಜಗಲಿಯ ಮೇಲೆ ಬಂದು ಕೂತಿದ್ದಳು. ನಾನು ಬಾವಿಯಿಂದ ಬರುವಾಗ 'ಒತ್ತಾಯ್ತೇನೇ?' ಎಂದು ಕೇಳಿದಳು. 'ಇನ್ನೂ ಒಂದು ಗಂಟೆ ಇದೆ ಅಜ್ಜಿ, ಕೂತಿರು' ಎಂದು ಮನೆಗೆ ಹೋಗಿ ಬಿಂದಿಗೆ ಇಳಿಸಿ ವಾಪಸು ಬಂದೆ. ಗೋಡೆಗೆ ಒರಗಿದವಳು ಒರಗಿದ ಹಾಗೇ ಇದ್ದಳು. ಮುಟ್ಟಿ ನೋಡಿದೆ. ಅಯ್ಯೋ ಶಿವನೇ ಎಂದು ನಾನು ಕೂಗಿದ್ದು ಕೆರೆಯ ಆಚೆಗೂ ಕೇಳಿಸಿರಬೇಕು.

ಬೀದಿಯೆಲ್ಲ ಸೇರಿತು. ಹೆಣ ಎತ್ತುವವರೆಗೆ ಬೀದಿಯಲ್ಲಿ ಒಲೆ ಉರಿಯುವಂತಿಲ್ಲ, ಯಾರೂ ಆಚೆ ಕೆಲಸಕ್ಕೆ ಹೋಗುವಂತಿಲ್ಲ. ಎತ್ತಬೇಕಾದರೆ ಮಗ ಬರಬೇಕು. ಮಗ ಇದ್ದದ್ದು ಯಶವಂತಪುರದಲ್ಲಿ, ರೈಲಿನ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಕೆಲಸ. ಅವನು ಬಂದು, ಹೆಣ ಎತ್ತಿ, ಎಲ್ಲರೂ ತಲೆಗೆ ನೀರು ಹಾಕಿಕೊಂಡು, ಐದು ಗಂಟೆಯೊಳಗೆ ಬೂತಿಗೆ ಹೋಗಬೇಕು! ನನ್ನ ತಲೆಯಲ್ಲಿ ಗಡಿಯಾರ ಹೊಡೆದುಕೊಳ್ಳತೊಡಗಿತು. ಗಂಡಸರು 'ಯಾರನ್ನ ಕಳಿಸೋದು, ಹೆಂಗೆ ಕಳಿಸೋದು' ಎಂದು ಮುಖ ಮುಖ ನೋಡಿಕೊಂಡು ನಿಂತಿದ್ದರು. 'ನಾನು ಹೋಗ್ತೀನಿ' ಎಂದೆ. ಅತ್ತೆ ಅಜ್ಜಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವರು ನನ್ನ ಮುಖ ನೋಡಿ, "ಓಗು, ಕರ್ಕಂಡು ಬಾ" ಎಂದರು.

ಹೊಲದ ಬದುವಿನ ಮೇಲೆ ಓಡಿದೆ. ಯಲಹಂಕ ಸ್ಟೇಷನ್ನಿನಲ್ಲಿ ರೈಲು ಬರುವ ಹೊತ್ತಿಗೆ ನಾನು ಪ್ಲಾಟ್‌ಫಾರ್ಮಿನ ಆ ತುದಿಗೂ ಈ ತುದಿಗೂ ಎಷ್ಟು ಸಲ ನಡೆದೆನೋ. 'ಕೂತ್ಕೊಳಮ್ಮಾ, ನೀನ್ ನಡೆದ್ರೆ ರೈಲು ಬೇಗ ಬರಲ್ಲ' ಎಂದು ಅಲ್ಲಿ ಕಡಲೆಕಾಯಿ ಮಾರುವವನು ಅಂದ; ಅವನಿಗೂ ಬೈದೆ. ಯಶವಂತಪುರದಲ್ಲಿ ಇಳಿದರೆ ಗೂಡ್ಸ್ ಶೆಡ್ಡು ಎಂಬುದು ಒಂದು ಊರಷ್ಟು ಉದ್ದ. ಗೋಣಿಚೀಲ, ಧೂಳು, ತಮಿಳು ತೆಲುಗು ಉರ್ದು ಎಲ್ಲ ಬೆರೆತ ಕೂಗು. ಕೇಳಿ ಕೇಳಿ ಹುಡುಕಿದೆ. ಸಿಕ್ಕಾಗ ಅವನ ಬೆನ್ನ ಮೇಲೆ ಮೂಟೆ ಇತ್ತು. ಹೇಗೆ ಹೇಳಬೇಕು ಎಂದು ದಾರಿಯಲ್ಲಿ ಯೋಚಿಸಿರಲಿಲ್ಲ, ನನ್ನ ಯೋಚನೆಯೆಲ್ಲ ಐದು ಗಂಟೆಯ ಮೇಲೆ. 'ನಿಮ್ಮವ್ವ ಹೋಗ್ಬುಟ್ರು, ಬೇಗ ಬನ್ನಿ' ಅಂದುಬಿಟ್ಟೆ. ಅವನು ಮೂಟೆ ಇಳಿಸಿ ಅದರ ಮೇಲೇ ಕೂತ. ಮುಖ ಒರೆಸಿಕೊಂಡು, "ಓಟ್ ಆಕಿದ್ಲಾ?" ಎಂದು ಕೇಳಿದ.

ಇಲ್ಲ ಎಂದೆ. ಅವನು ಗಟ್ಟಿಯಾಗಿ ಅತ್ತುಬಿಟ್ಟ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ನನಗೂ ಅಳು ಬಂತು. ಬೆಳಿಗ್ಗೆಯಿಂದ ನಾನು ಆ ಮುದುಕಿಗಾಗಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಓಟುಗಳನ್ನೇ ನೆನೆಯುತ್ತಿದ್ದೆ. ನಾಚಿಕೆಯಾಯಿತು. ಆದರೂ 'ಏಳಿ, ಏಳಿ' ಎಂದು ಅವಸರ ಮಾಡಿದೆ.

ವಾಪಸು ರೈಲು ಇರಲಿಲ್ಲ. ಹೆಬ್ಬಾಳದ ಕಡೆ ಹೋಗುವ ಇಟ್ಟಿಗೆ ಲಾರಿ ಹತ್ತಿ, ಅಲ್ಲಿಂದ ದೊಡ್ಡಬಳ್ಳಾಪುರದ ಬಸ್ಸು ಹಿಡಿದು, ಊರು ಮುಟ್ಟಿದಾಗ ಹೊತ್ತು ಮೂರಕ್ಕೆ ಹತ್ತಿರ. ಹೆಣ ಎತ್ತಿದ್ದು ಮೂರೂವರೆಗೆ. ಆಮೇಲೆ ಮೂವತ್ತು ಮನೆಯ ಜನ ತಲೆಗೆ ನೀರು ಹಾಕಿಕೊಳ್ಳಬೇಕು, ಇರುವುದು ಒಂದು ಬಾವಿ! ನಾನು ಬಾವಿಕಟ್ಟೆಯ ಮೇಲೆ ನಿಂತು ಸೇದಿ ಸೇದಿ ಸುರಿದೆ. ಅಂಗೈ ಕಿತ್ತುಬಂತು. 'ಮೇಲಿನ ಬೀದಿಯವರು ನಲ್ಲಿ ತಿರುವಿ ಆರಾಮಾಗಿ ಸ್ನಾನ ಮಾಡಿ ಓಟು ಹಾಕಿ ಮಲಗಿದ್ದಾರೆ, ಬೇಗ ಬೇಗ!' ಎಂದು ಕೂಗುತ್ತಿದ್ದೆ. ಗಂಡಸರು ಮಣ್ಣು ಮುಗಿಸಿ ಬರುವುದನ್ನು ಕಾಯದೆ ನಾಲ್ಕೂವರೆಗೆ ಒದ್ದೆ ತಲೆಯ ಹೆಂಗಸರನ್ನೆಲ್ಲ ಹೊರಡಿಸಿಕೊಂಡು ದಿನ್ನೆ ಹತ್ತಿದೆ. ಅತ್ತೆ ಎಲ್ಲರಿಗಿಂತ ಹಿಂದೆ ಮೆಲ್ಲಗೆ ಬರುತ್ತಿದ್ದರು.

ಗುಡಿಯ ಕಲ್ಲುಬಾಗಿಲಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಎದುರುಮನೆ ಅಕ್ಕ. ಹೊಸ್ತಿಲಿಗೆ ಕಾಲು ಎತ್ತಿದವಳು ಹಾಗೇ ಹಿಂದಕ್ಕೆ ತೆಗೆದಳು. ತಿರುಗಿ ನೋಡಿ, "ಸೂತಕ ಅಲ್ವಾ?" ಎಂದಳು. ಸಾಲೆಲ್ಲ ನಿಂತಿತು. ವಾರದಿಂದ ಬೂತು ಬೂತು ಎಂದೇ ಬಾಯಲ್ಲಿ ಬಂದು, ಅದು ಗುಡಿ ಎಂಬುದೇ ನನಗೆ ಮರೆತುಹೋಗಿತ್ತು.

ಬೂತಿನ ಅಧಿಕಾರಿ, ಕೋಟು ಹಾಕಿದ ಒಬ್ಬ ಮೇಷ್ಟರು, ಗಲಾಟೆ ಕೇಳಿ ಎದ್ದು ಬಂದರು. ಒಳ್ಳೆಯವರು ಪಾಪ. "ನೋಡೀಮ್ಮಾ, ಇವತ್ತೊಂದಿನ ಇದು ಸರ್ಕಾರಿ ಆಫೀಸು ಅಂದ್ಕೊಳ್ಳಿ, ಬನ್ನಿ" ಎಂದರು. ಯಾರೂ ಅಲುಗಲಿಲ್ಲ. 'ಡಬ್ಬ ತಂದು ಬಾಗಿಲಾಚೆ ಇಡಿ' ಎಂದು ನಾನು ಕೇಳಿದೆ. ಹಾಗೆ ಜಾಗ ಬದಲಾಯಿಸುವ ಅಧಿಕಾರ ತಮಗಿಲ್ಲ ಎಂದರು. ಪೂಜಾರಪ್ಪನನ್ನು ಕರೆದೆವು. "ನಾನ್ ಬೇಡ ಅನ್ನಲ್ಲ. ಅಮ್ಮ ಬೇಡ ಅಂದ್ರೆ ನಾನು ಜವಾಬ್ದಾರ ಅಲ್ಲ" ಎಂದು ಆ ಮಹಾರಾಯ ಅಂದ. ಅದಕ್ಕಿಂತ ಬೇಡ ಅಂದಿದ್ದರೇ ವಾಸಿಯಿತ್ತು.

ಎಲ್ಲರೂ ಅತ್ತೆಯ ಕಡೆ ನೋಡಿದರು. ಕೊನೆಮನೆ ಅಜ್ಜಿ ಹೋದ ಮೇಲೆ ಬೀದಿಗೆ ಹಿರಿಯರು ಅವರೇ. ಅವರು ಒಂದು ಕಾಲು ಒಳಗಿಟ್ಟಿದ್ದರೆ ಸಾಕಿತ್ತು, ಮೂವತ್ತು ಮನೆಯೂ ಹಿಂದೆ ನುಗ್ಗುತ್ತಿತ್ತು. ಸೀಟು ನಮ್ಮದಾಗುತ್ತಿತ್ತು, ನಲ್ಲಿ ಬರುತ್ತಿತ್ತು. ಅತ್ತೆ ಅಕ್ಕನ ಸೊಂಟದ ಮೇಲಿದ್ದ ಕೂಸಿನ ಒದ್ದೆ ತಲೆಯನ್ನು ತಮ್ಮ ಸೆರಗಿನಲ್ಲಿ ಒರೆಸಿ, "ಓಗ್ರಮ್ಮಾ, ಮನೇಗ್ ಓಗಿ ಒಲೆ ಅಚ್ಚಿ. ಮಕ್ಳು ಬೆಳಗಿಂದ ಅಸ್ಕೊಂಡವೆ" ಎಂದರು.

ಅವರು ಹೋದರು. ಒಬ್ಬೊಬ್ಬರಾಗಿ ದಿನ್ನೆ ಇಳಿದು ಹೋದರು. ಬಾಗಿಲಲ್ಲಿ ಉಳಿದದ್ದು ನಾನು ಮತ್ತು ಅತ್ತೆ.

"ನಿಮಗೆ ಬೆಳಿಗ್ಗೆನೇ ಗೊತ್ತಿತ್ತಾ ಅತ್ತೆ?" ಎಂದೆ.

"ಗೊತ್ತಿತ್ತು."

"ಮತ್ತೆ ನನ್ನನ್ನ ಯಾಕೆ ಓಡಿಸಿದ್ರಿ?"

"ಮಗ ಬರ್ಬೇಕಿತ್ತಲ್ಲಮ್ಮಿ, ಮಣ್ಣಿಗೆ."

ನನಗೆ ಮೈಯೆಲ್ಲ ಉರಿದುಹೋಯಿತು. 'ನಾವಿಬ್ಬರಾದರೂ ಹಾಕೋಣ ಬನ್ನಿ' ಎಂದು ಕೈ ಹಿಡಿದು ಎಳೆದೆ. ಅವರು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು. "ಇವತ್ತು ಒಳಕ್ಕೆ ಕರ್ಕಂಡ್ ಓದ್ರೆ, ನಾಳೆ ಯಾರ ಕರು ಸತ್ರೂ, ಯಾರ ಕೂಸಿಗೆ ಜರ ಬಂದ್ರೂ, ಅವತ್ತು ಗುಡಿ ತುಳಿದ್ವಲ್ಲ ಅಂತ ಸಾಯೋಗಂಟ ಕೊರಗ್ತಾರೆ. ಒಂದ್ ನಲ್ಲಿಗೋಸ್ಕರ ಅದು ಬ್ಯಾಡ. ನೀನೂ ನಡಿ" ಎಂದರು.

"ನೀವು ಹೇಡಿ ಅತ್ತೆ" ಎಂದೆ. ನಮ್ಮ ಅತ್ತೆಗೆ, ಅದೂ ಮುಖದ ಮೇಲೆ. ಅಂದು, ಹೊಸ್ತಿಲು ದಾಟಿ ಒಳಗೆ ಹೋದೆ. "ಬ್ಯಾಡ ಕಣೇ" ಎಂದು ಅವರು ಹಿಂದಿನಿಂದ ಅಂದದ್ದು ಕೇಳಿಸಿತು. ಮೇಷ್ಟರು ಬೆರಳಿಗೆ ಮಸಿ ಹಚ್ಚಿದರು. ಏಣಿಯ ಮೇಲೆ ಮುದ್ರೆಯನ್ನು ಎಷ್ಟು ಜೋರಾಗಿ ಗುದ್ದಿದೆನೆಂದರೆ ಮೇಜು ಅಲುಗಿತು. ಪಟೇಲರ ಕಡೆಯವರು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಕೆಳಗಿನ ಬೀದಿಯಿಂದ ಅವತ್ತು ಬಿದ್ದದ್ದು ಅದೊಂದೇ ಓಟು.

ಅತ್ತೆ ಸೋತರು. ಹಿತ್ತಿಲಲ್ಲಿ ಪಿಸುಗುಟ್ಟಿದ್ದ ಮೇಲಿನ ಬೀದಿಯ ಸೊಸೆಯಂದಿರು ಮಾತು ಉಳಿಸಿಕೊಂಡಿದ್ದರು. ನಮ್ಮ ಬೀದಿಯ ಅರ್ಧ ಜನ ಬಂದಿದ್ದರೂ ಗೆಲ್ಲುತ್ತಿದ್ದರು. ಪಟೇಲರ ಹೆಂಡತಿ ಮೆಂಬರಾದರು, ಪಟೇಲರು ಕುರ್ಚಿಯಲ್ಲಿ ಕೂತರು. ನಮ್ಮ ಬೀದಿಯಲ್ಲಿ ಯಾರ ಬೆರಳಲ್ಲೂ ಇಲ್ಲದ ಮಸಿ ನನ್ನ ಬೆರಳಲ್ಲಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದೆ, ಬೂದಿ ಹಾಕಿ ಉಜ್ಜಿದೆ, ಹೋಗಲಿಲ್ಲ. ಬಾವಿಯ ಹತ್ತಿರ ಹೆಂಗಸರು ಮುಖ ನೋಡುವ ಮೊದಲು ಬೆರಳು ನೋಡುತ್ತಿದ್ದರು. ಆದರೂ ಒಳಗೊಳಗೇ ನನಗೆ ಜಂಬವಿತ್ತು.

ಬೇಸಿಗೆಗೆ ನಮ್ಮ ಬೀದಿಗೆ ಅಮ್ಮ ಬಂತು. ಸಿಡುಬು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಮ್ಮ ಎಂದೇ ಅನ್ನಬೇಕು. ಬಾಗಿಲು ಬಾಗಿಲಿಗೂ ಬೇವಿನ ಸೊಪ್ಪು. ದೇವಿ ಹಾಕುವವರು, ಅಂದರೆ ಸಿಡುಬಿನ ಲಸಿಕೆಯವರು, ಬಂದಾಗ ನಮ್ಮ ಬೀದಿಯವರು ಮಕ್ಕಳನ್ನು ಕಣಜದೊಳಗೆ ಬಚ್ಚಿಟ್ಟಿದ್ದನ್ನು ನಾನೇ ಕಂಡಿದ್ದೆ. ಬಂದದ್ದು ಅದರಿಂದ ಎಂದು ನನ್ನ ಬುದ್ಧಿಗೆ ಗೊತ್ತಿತ್ತು. ಆದರೆ ಬಂದಿರುವವಳು ಅಮ್ಮ, ನಾನು ಸೂತಕದಲ್ಲಿ ತುಳಿದಿದ್ದು ಅಮ್ಮನ ಗುಡಿ. ಉಗುರಿನ ಮೇಲಿನ ಮಸಿ ಇನ್ನೂ ಅರ್ಧ ಉಳಿದಿತ್ತು. ನಾನು ಮನೆಯಲ್ಲಿ ಒಂದು ಕಡೆ ಕೂರಲಾರದೆ ಒದ್ದಾಡಿದೆ. ಆಗ ನನಗೆ ನಾಲ್ಕು ತಿಂಗಳು ಬೇರೆ.

ಎಲ್ಲ ಮಕ್ಕಳೂ ಬದುಕಿದವು. ಎದುರುಮನೆ ಅಕ್ಕನ ಕೂಸಿಗೆ ಮಾತ್ರ ಒಂದು ಕಣ್ಣು ಹೋಯಿತು.

ಒಂದು ಬೆಳಿಗ್ಗೆ ಅಕ್ಕ ನಮ್ಮ ಅಂಗಳಕ್ಕೆ ಬಂದು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. ತಲೆ ಬಾಚಿ ಎಷ್ಟು ದಿನವಾಗಿತ್ತೋ. ನಾನು ಮೂಲೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ, ಕೈ ನೀರಿನಲ್ಲೇ ನಿಂತಿತು. ಅವಳು ನನ್ನ ಕಡೆ ಬೆರಳು ತೋರಿಸಿ ಅತ್ತೆಯನ್ನು ಕೇಳಿದಳು: "ದೊಡ್ಡವ್ವ, ನಾವೆಲ್ಲ ಬಾಗ್ಲಿಂದ ವಾಪಸ್ ಬಂದ್ವಿ. ಇವ್ಳು ಒಬ್ಳೇ ಯಾಕ್ ಒಳಕ್ಕೋದ್ಲು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎಲೆ ಅಡಿಕೆ ಉಗಿದು ಬಂದು, "ನಾನೇ ಕಳ್ಸಿದ್ದು" ಎಂದರು.

ಅಕ್ಕನ ಬೆರಳು ನನ್ನ ಕಡೆಯಿಂದ ಅವರ ಕಡೆಗೆ ತಿರುಗಿತು.

"ಅವ್ಳು ಒಲ್ಲೆ ಅಂದ್ಲು. ನಾನೇ ರಟ್ಟೆ ಇಡ್ದು ತಳ್ಳಿದೆ. ಒಂದ್ ಓಟಾದ್ರೂ ಬೀಳ್ಲಿ ಅಂತ ಆಸೆ ಆಗೋಯ್ತು. ಬಯ್ಯೋದಾದ್ರೆ ನನ್ನ ಬಯ್ಯಿ."

"ಅಂದ್ರೆ ನಮ್ಗೊಂದು ಮಾತು, ನಿನ್ ಮನೆಗೊಂದು ಮಾತಾ ದೊಡ್ಡವ್ವ?" ಎಂದಳು ಅಕ್ಕ. ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳಬಹುದಿತ್ತು. ನೆಲಕ್ಕೆ ಉಗಿದು ಹೋದಳು. ಸಂಜೆಯೊಳಗೆ ಬೀದಿಯ ಎಲ್ಲ ಮನೆಗೂ ಆ ಮಾತು ಮುಟ್ಟಿತ್ತು.

ನನಗೆ ಮೊದಲು ಆದದ್ದು ದುಃಖವಲ್ಲ. ಸದ್ಯ ಬದುಕಿದೆ ಅನ್ನಿಸಿತು. ಬರೆಯಲು ನಾಚಿಕೆ, ಆದರೆ ಆದದ್ದು ಅದೇ. ಆಮೇಲೆ ಒದ್ದೆ ಕೈಯಲ್ಲೇ ಹೋಗಿ ಅತ್ತೆಯ ಮುಂದೆ ನಿಂತು, 'ಯಾಕೆ ಸುಳ್ಳು ಹೇಳಿದ್ರಿ?' ಎಂದು ಕೇಳಿದೆ. ಅವರು ಹೊಸ ಎಲೆಗೆ ಸುಣ್ಣ ಹಚ್ಚುತ್ತಾ, "ನೀನು ಈ ಬೀದೀಲಿ ಇನ್ನೂ ಐವತ್ ವರ್ಷ ಬಾಳ್ಬೇಕು. ಒಟ್ಟೇಲಿ ಕೂಸೈತೆ. ನಂದೇನು, ಓಗು, ಬಟ್ಟೆ ಇಂಡಾಕು" ಎಂದರು. ಹೇಡಿ ಎಂದಿದ್ದಕ್ಕೆ ಕಾಲಿಗೆ ಬೀಳಬೇಕೆನ್ನಿಸಿತು. ಬೀಳಲಿಲ್ಲ, ಹೋಗಿ ಬಟ್ಟೆ ಹಿಂಡಿದೆ.

ಅಲ್ಲಿಂದಾಚೆಗೆ ಯಾವ ಮನೆಯ ಹಿತ್ತಿಲ ಬಾಗಿಲೂ ಅತ್ತೆಗೆ ತೆರೆಯಲಿಲ್ಲ. ಮೊದಲೆಲ್ಲ ಒಂದು ಮದುವೆ ಮಾತಿಗೆ, ಒಂದು ಜಗಳಕ್ಕೆ, ಒಂದು ಹೆರಿಗೆಗೆ ಅವರನ್ನು ಕರೆಯದ ಮನೆಯಿರಲಿಲ್ಲ. ಈಗ ಬಾವಿಗೆ ಹೋದರೆ ಮಾತು ನಿಲ್ಲುತ್ತಿತ್ತು. ನನಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. 'ಪಾಪ, ಅತ್ತೆ ತಳ್ಳಿದ್ರೆ ಇವ್ಳೇನ್ ಮಾಡ್ತಾಳೆ' ಎಂದು ನನ್ನ ಬಾಣಂತನಕ್ಕೆ ಬೀದಿಯೆಲ್ಲ ಬಂತು. ಎದುರುಮನೆ ಅಕ್ಕ ಕೂಡ ಬಂದು, ಅತ್ತೆಯನ್ನು ದಾಟಿಕೊಂಡು ಒಳಗೆ ಹೋಗಿ, ನನ್ನ ಮಗನಿಗೆ ಎಣ್ಣೆ ನೀರು ಹಾಕಿದಳು. ಒಂದು ಕಣ್ಣಿನ ಆ ಕೂಸು ಪಕ್ಕದಲ್ಲಿ ಕೂತು ನೋಡುತ್ತಿತ್ತು. ಅವಳ ಕೈ ಹಿಡಿದು ಹೇಳಿಬಿಡಬೇಕು ಎಂದುಕೊಂಡೆ. ಬಾಣಂತನ ಮುಗಿಯಲಿ ಎಂದುಕೊಂಡೆ. ಆಮೇಲೆ ನಾಮಕರಣ ಮುಗಿಯಲಿ ಎಂದುಕೊಂಡೆ.

ಮುಂದಿನ ಎಲೆಕ್ಷನ್ನು ಬಂದಾಗ ಸ್ಕೂಲಿಗೆ ಹೊಸ ಹೆಂಚು ಹಾಕಿಯಾಗಿತ್ತು, ಓಟು ಅಲ್ಲೇ. ನಮ್ಮ ಬೀದಿಯಿಂದ ಬೇರೆ ಒಬ್ಬಾಕೆ ನಿಂತಿದ್ದಳು. ಅತ್ತೆಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವರು ಸೀರೆಯ ನೆರಿಗೆ ಸರಿಮಾಡಿಕೊಂಡು ಹೆಂಗಸರ ಸಾಲಿಗೆ ಹೋಗಿ ನಿಂತರು. ಮುಂದಿದ್ದ ಅಕ್ಕ ತಿರುಗಿ ನೋಡಿದಳು, ಮಗಳನ್ನು ಎಳೆದುಕೊಂಡು ನಾಲ್ಕು ಹೆಜ್ಜೆ ಮುಂದೆ ಸರಿದಳು. ಅವಳ ಮುಂದಿದ್ದವರೂ ಸರಿದರು. ಅಷ್ಟು ಜನರ ಎದುರಿಗೆ ಅತ್ತೆಯ ಮುಂದೆ ಖಾಲಿ ಜಾಗ ಬಿದ್ದಿತು. ಅವರು ಅದನ್ನು ತುಂಬಲು ಹೋಗಲಿಲ್ಲ, ಇದ್ದಲ್ಲೇ ನಿಂತರು. ಅವರ ಹಿಂದೆ ಮಗನನ್ನು ಎತ್ತಿಕೊಂಡು ನಿಂತಿದ್ದವಳು ನಾನು. ಒಂದೇ ಒಂದು ಮಾತು ಸಾಕಿತ್ತು, ಎಲ್ಲರೂ ಅಲ್ಲೇ ಇದ್ದರು. ಬೀದಿಗೆಲ್ಲ ಕೇಳುವಂತೆ ಬೈಯಬಲ್ಲ ಬಾಯಿ ನನ್ನದು. ಸಾಲು ಮುಂದೆ ಹೋಯಿತು, ನಾನು ಓಟು ಹಾಕಿ ಮನೆಗೆ ಬಂದೆ.